ಹೊಟ್ಟಿನಲ್ಲಿಟ್ಟ ವೈನು

ಆ ಹೋಟೆಲಿನ ವೈನ್ ಪಟ್ಟಿಯನ್ನು ಮೊದಲ ಸಲ ಕೈಗೆ ತೆಗೆದುಕೊಂಡಾಗ ನಾನು ಅದನ್ನು ಬಲಗಡೆಯಿಂದ ಓದಿದೆ. ಬೆಲೆ ಇರುವುದು ಬಲಗಡೆ. ಯಾವ ಹೋಟೆಲಿನಲ್ಲಿ ಯಾವ ಪಟ್ಟಿ ಕೈಗೆ ಬಂದರೂ ನೀವೂ ಹಾಗೇ ಓದಿ. ಎಡಗಡೆ ಬರೆದಿರುವ ಹೆಸರು, ಊರು, ವರ್ಣನೆ ಎಲ್ಲ ನಿಮ್ಮ ಕಣ್ಣು ಬಲಗಡೆಗೆ ಹೋಗುವುದನ್ನು ತಡಮಾಡಿಸಲು ಬರೆದದ್ದು.

ಕೆಂಪು ರಟ್ಟು, ಬಂಗಾರದ ಅಕ್ಷರ, ಮದುವೆ ಆಲ್ಬಮ್ಮಿನಷ್ಟು ದಪ್ಪ. ಮೊದಲ ಪುಟದಲ್ಲಿ ಹೋಟೆಲಿನ ಹಳೆಯ ಚಿತ್ರ: ಎತ್ತರದ ಕಂಬಗಳು, ಮೆಟ್ಟಿಲ ಮುಂದೆ ಒಂದು ಜಟಕಾ, ಟೋಪಿ ಹಾಕಿದ ನಾಲ್ಕಾರು ಬಿಳಿಯರು. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ದಂಡು ಇದ್ದ ಕಾಲಕ್ಕೆ ಅವರ ಅಧಿಕಾರಿಗಳಿಗೆಂದು ಎದ್ದ ಕಟ್ಟಡ ಅದು. ಆಮೇಲೆ ಕೈಯಿಂದ ಕೈಗೆ ಹೋಗಿ, ಊಟದ ಹಾಲಿನ ಸೂರು ಸೋರುವ ಸ್ಥಿತಿಗೆ ಬಂದಿತ್ತು. ಈಗಿನ ಸಾವ್ಕಾರ್ರು ಕೊಂಡ ಮೇಲೆ ಸೂರು ರಿಪೇರಿಯಾಯಿತು, ಕಂಬಗಳಿಗೆ ಬಣ್ಣ ಬಂತು, ಬೆಂಗಳೂರಿನಿಂದ ಒಬ್ಬ ಸಲಹೆಗಾರ ಬಂದು ಹಳೆಯ ಕಾಲದಲ್ಲಿ ಇಲ್ಲಿ ವೈನ್ ಹೇಗೆ ಕೊಡುತ್ತಿದ್ದರೋ ಹಾಗೇ ಕೊಡಬೇಕೆಂದು ಈ ಪಟ್ಟಿ ಬರೆದುಕೊಟ್ಟು ಹೋದ. ಹಳೆಯ ಕಾಲದಲ್ಲಿ ಹೇಗೆ ಕೊಡುತ್ತಿದ್ದರು ಎಂದು ಅವನಿಗೆ ಹೇಳಿದವರು ಯಾರೋ ಗೊತ್ತಿಲ್ಲ.

ನನ್ನ ಕಸುಬು ಮುಚ್ಚಿಹೋದ ಹೋಟೆಲುಗಳ ಸಾಮಾನು ಕೊಂಡು ಹೊಸದಾಗಿ ತೆರೆಯುವವರಿಗೆ ಮಾರುವುದು. ಕುರುಗೋಡಿನಿಂದ ಬರಿಗೈಯಲ್ಲಿ ಬಂದವನು ನಾನು. ಮೊದಲು ಜೀನ್ಸ್ ಹೊಲಿಯುವ ಘಟಕಗಳಲ್ಲಿ ಉಳಿದ ತುಂಡುಬಟ್ಟೆ ಆರಿಸಿ ಸಂತೆಯಲ್ಲಿ ಮಾರಿದೆ, ಆಮೇಲೆ ಪಾತ್ರೆ, ಆಮೇಲೆ ಟೇಬಲ್ಲು ಕುರ್ಚಿ. ಆ ಊಟದ ಹಾಲಿಗೆ ಹಳೆಯ ತೇಗದ ಕುರ್ಚಿಗಳನ್ನು ಕೊಟ್ಟವನೂ ನಾನೇ. ಹಾಗಾಗಿ ಸಾವ್ಕಾರ್ರ ಪರಿಚಯವಿತ್ತು. ಆದರೆ ಆ ಹೋಟೆಲಿಗೆ ನಾನು ಹೋಗಿಬರುತ್ತಿದ್ದದ್ದು ಕುರ್ಚಿಗಾಗಿ ಅಲ್ಲ. ಅದರ ಸ್ಟೋರ್ ಕೀಪರ್ ನನ್ನ ಭಾವ, ಅಕ್ಕನ ಗಂಡ. ಹಿತ್ತಲಲ್ಲಿ ಹಿಂದೆ ಕುದುರೆ ಲಾಯವಿದ್ದ ಜಾಗದಲ್ಲಿ ಎರಡು ಖೋಲಿಯ ಕ್ವಾರ್ಟರ್ಸ್, ಅದರಲ್ಲಿ ಅಕ್ಕ ಇದ್ದಳು.

ಅಕ್ಕನ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ವಾರದಲ್ಲಿ ಮೂರು ಸಲ ಯಂತ್ರಕ್ಕೆ ಹೋಗಿ ಮಲಗಿ ರಕ್ತ ಶುದ್ಧ ಮಾಡಿಸಿಕೊಳ್ಳಬೇಕು. ಅವಳ ಸರದಿ ಇನ್ನೂ ಬೆಳಕು ಸರಿಯಾಗಿ ಹರಿಯದ ಹೊತ್ತಿಗೆ. ಹೋಟೆಲಿನ ಹಿಂದಿನ ಗೇಟಿನಿಂದ ಹೊರಬಿದ್ದರೆ ಆಸ್ಪತ್ರೆಯ ಬೋರ್ಡು ಕಾಣುತ್ತಿತ್ತು. ಭಾವ ಅವಳ ತೋಳು ಹಿಡಿದು ನಡೆಸಿಕೊಂಡು ಹೋಗಿ ಬಿಟ್ಟು, ಸ್ಟೋರಿನ ಬಾಗಿಲು ತೆಗೆದು, ಅಡುಗೆಯವರಿಗೆ ಸಾಮಾನು ತೂಗಿ ಕೊಟ್ಟು, ಮತ್ತೆ ಹೋಗಿ ಕರೆದುಕೊಂಡು ಬರುತ್ತಿದ್ದರು. ಆ ಎರಡು ಖೋಲಿ ಇದ್ದುದರಿಂದ ಅಕ್ಕ ಬದುಕಿದ್ದಳು. ಇದನ್ನು ನಾನು ಅಲಂಕಾರಕ್ಕೆ ಹೇಳುತ್ತಿಲ್ಲ. ಆಸ್ಪತ್ರೆಯವರೇ ಹಾಗೆ ಹೇಳಿದ್ದರು, ಹತ್ತಿರ ಇದ್ದೀರಿ, ಅದೇ ನಿಮ್ಮ ಪುಣ್ಯ ಅಂತ. ಮನೆಯಲ್ಲಿ ಇಂಥ ಕಾಯಿಲೆ ಇದ್ದರೆ ಮೊದಲು ಆಸ್ಪತ್ರೆಯ ಪಕ್ಕ ಮನೆ ಹುಡುಕಿ, ಡಾಕ್ಟರು ಎಷ್ಟು ದೊಡ್ಡವರು ಎಂದು ಆಮೇಲೆ ವಿಚಾರಿಸಿ.

ಭಾವನ ಊರು ಸಿರುಗುಪ್ಪ ತಾಲೂಕಿನ ದೇಶನೂರು. ಕಾಲುವೆ ನೀರಿನ ಭತ್ತದ ಸೀಮೆ. ಇದ್ದ ತುಂಡು ಗದ್ದೆಯನ್ನು ತಮ್ಮನಿಗೆ ಪಾಲಿಗೆ ಬಿಟ್ಟು ಮದುವೆಗೂ ಮೊದಲೇ ಈ ಹೋಟೆಲು ಸೇರಿದವರು. ಲಿಂಗ ಕಟ್ಟಿದ ಮನುಷ್ಯ, ಶುದ್ಧ ಶಾಕಾಹಾರಿ. ಬಾರಿನ ಬಾಟಲಿಗಳೂ ಅವರ ಉಸ್ತುವಾರಿಯಲ್ಲೇ ಇದ್ದವು, ಆದರೆ ಬಾಟಲಿಯನ್ನು ಅವರು ಬರಿಗೈಯಲ್ಲಿ ಮುಟ್ಟಿದ್ದನ್ನು ನಾನು ನೋಡಿಲ್ಲ. ಹೆಗಲ ಮೇಲಿನ ವಸ್ತ್ರ ಸುತ್ತಿ ಎತ್ತುತ್ತಿದ್ದರು, ಎಣಿಸಿ ಕೊಟ್ಟು, ಮನೆಗೆ ಬಂದು ಸ್ನಾನ ಮಾಡಿ ಪೂಜೆಗೆ ಕೂರುತ್ತಿದ್ದರು. ನಾಲಿಗೆಯ ಮಾತು ಬಿಡಿ, ಒಂದು ಬಾಟಲಿಯನ್ನು ಮೂಸಿದವರೂ ಅಲ್ಲ.

ಪಟ್ಟಿಯಲ್ಲಿ ಹೆಸರಿನ ಮುಂದೆ ಇಸವಿ ಹಾಕಿದ್ದನ್ನು ನೋಡಿ ನಾನು ಅವರನ್ನು ಕೇಳಿದ್ದೆ. ನನ್ನ ವ್ಯಾಪಾರದಲ್ಲಿ ಇಸವಿ ಹಳೆಯದಾದರೆ ಬೆಲೆ ಬಿದ್ದುಹೋಗುತ್ತದೆ, ಇಲ್ಲಿ ಏರುತ್ತಿತ್ತು.

“ಹಳೇ ಅಕ್ಕಿ ಇದ್ದಂಗ ಲೇ ಅದು,” ಅಂದರು ಭಾವ. “ಹೊಸಾ ಅಕ್ಕಿ ಅನ್ನ ಮುದ್ದಿ ಆಗತೈತಿ. ವರ್ಷ ಇಟ್ಟಿದ್ದು ಉದುರಾಗತೈತಿ. ಇಟ್ಟಷ್ಟೂ ಬೆಲಿ.”

ಸಲಹೆಗಾರನ ಅರ್ಧ ಗಂಟೆಯ ಭಾಷಣಕ್ಕಿಂತ ನನಗೆ ಇದು ಚೆನ್ನಾಗಿ ಅರ್ಥವಾಯಿತು. ಮುಂದೆ ಆದ ಅನಾಹುತ ಹುಟ್ಟಿದ್ದೂ ಇದೇ ತಿಳುವಳಿಕೆಯಿಂದ.

ವೈನು ಬಂದದ್ದು ಬೇಸಿಗೆಯ ಬಾಗಿಲಲ್ಲಿ. ಬಳ್ಳಾರಿಯ ಬೇಸಿಗೆಯನ್ನು ಬಳ್ಳಾರಿಯವರಿಗೆ ನಾನು ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳಿದರೂ ತಿಳಿಯುವುದಿಲ್ಲ. ಕೋಟೆ ಗುಡ್ಡದ ಬಂಡೆ ಹಗಲಿಡೀ ಕಾದು ಸಂಜೆ ಊರಿನ ಮೇಲೆ ಉಸಿರು ಬಿಡುತ್ತದೆ. ಬಾಟಲಿಗಳನ್ನು ಇಡಲು ಗಾಜಿನ ಬಾಗಿಲಿನ ತಂಪು ಪೆಟ್ಟಿಗೆ ತಂದಿದ್ದರು, ಬೀರುವಿನಷ್ಟು ಎತ್ತರ. ಜನರೇಟರಿನ ಲೈನನ್ನು ಮಾತ್ರ ಅದಕ್ಕೆ ಎಳೆದಿರಲಿಲ್ಲ. ಊಟದ ಹಾಲಿನ ಏಸಿಗೆ, ಸಾವ್ಕಾರ್ರ ಕೋಣೆಗೆ, ಹೊರಗಿನ ದೀಪಗಳಿಗೆ ಎಳೆದಿದ್ದರು. ಕರೆಂಟು ಹೋದಾಗಲೆಲ್ಲ ಪೆಟ್ಟಿಗೆ ನಿಲ್ಲುತ್ತಿತ್ತು, ಗಾಜಿನ ಬಾಗಿಲು ಬಿಸಿಲಿಗೆ ಕಾಯುತ್ತಿತ್ತು, ಹೀಗೇ ನಡೆದು ಒಂದು ದಿನ ಅದರ ಮೋಟಾರು ಪೂರ್ತಿ ಸುಟ್ಟುಹೋಯಿತು. ಭಾವ ಮ್ಯಾನೇಜರಿಗೆ ಹೇಳಿದರು. ರಿಪೇರಿಯವನು ಹೈದರಾಬಾದಿನಿಂದ ಬರಬೇಕು, ಅಲ್ಲಿಯವರೆಗೆ ನೀವೇ ಏನಾದರೂ ಮಾಡಿಕೊಳ್ಳಿ ಎಂದು ಮ್ಯಾನೇಜರ್ ಹೇಳಿ ಫೋನಿನಲ್ಲಿ ಮುಳುಗಿದ. ಇಂಥ ಮಾತನ್ನು ಯಾರಾದರೂ ನಿಮಗೆ ಹೇಳಿದರೆ, ಏನು ಮಾಡಬೇಕು ಎಂದು ಅವರ ಬಾಯಿಂದಲೇ ಹೊರಡಿಸಿ, ಪಕ್ಕದಲ್ಲಿ ಇನ್ನೊಬ್ಬ ಕೇಳಿಸಿಕೊಳ್ಳುವಂತೆ ಹೊರಡಿಸಿ. ಭಾವ ಅದನ್ನು ಮಾಡಲಿಲ್ಲ. ಅವರು ತಮಗೆ ಗೊತ್ತಿದ್ದದ್ದನ್ನು ಮಾಡಿದರು.

ಸಿರುಗುಪ್ಪದ ಕಡೆ ಐಸ್ ಗಡ್ಡೆ ಉಳಿಸುವುದು ಭತ್ತದ ಹೊಟ್ಟಿನಲ್ಲಿ. ಗಡ್ಡೆಯನ್ನು ಹೊಟ್ಟಿನಲ್ಲಿ ಹುಗಿದು ಮೇಲೆ ಗೋಣಿತಾಟು ಹೊದಿಸಿದರೆ ಎಂಥ ಬಿಸಿಲಿಗೂ ಮದುವೆ ಮನೆಯ ಶರಬತ್ತಿಗೆ ಆಗುವಷ್ಟು ಉಳಿಯುತ್ತದೆ. ಭಾವ ಸಣ್ಣಂದಿನಿಂದ ನೋಡಿದ್ದು ಅದು. ಅವರ ತಮ್ಮ ಪರಿಚಯದ ಮಿಲ್ಲಿನಿಂದ ಚೀಲಗಟ್ಟಲೆ ಹೊಟ್ಟು ಹೇರಿಸಿ ಕಳಿಸಿದ. ಸ್ಟೋರಿನ ಹಿಂದಿನ ಕಲ್ಲು ಖೋಲಿಯಲ್ಲಿ ಭಾವ ಅದನ್ನು ಎದೆಯೆತ್ತರ ಸುರಿದು, ಬಾಟಲಿಗಳನ್ನು ಒಂದೊಂದಾಗಿ ವಸ್ತ್ರದಲ್ಲಿ ಹಿಡಿದು ನಿಲ್ಲಿಸಿ ಹುಗಿದು, ಬೆಳಗ್ಗೆ ಸಂಜೆ ಮೇಲೆ ನೀರು ಚಿಮುಕಿಸಿದರು. ಕೈಯಿಟ್ಟು ನೋಡಿದರೆ ಮೇಲಿನ ಪದರು ತಣ್ಣಗಿತ್ತು. ಅಕ್ಕನಿಗೆ ಬಂದು ಹೇಳಿದರಂತೆ, ಆ ಹೈದರಾಬಾದಿನವನು ಬರದಿದ್ದರೂ ಚಿಂತೆಯಿಲ್ಲ ಅಂತ.

ಐಸು ತಣ್ಣಗೇ ಹುಟ್ಟಿದ್ದು, ಹೊಟ್ಟು ಅದರ ತಂಪನ್ನು ಹೊರಗೆ ಬಿಡುವುದಿಲ್ಲ. ಕಾದ ಬಾಟಲಿಯನ್ನು ಹುಗಿದರೆ ಅದರ ಕಾವನ್ನೂ ಬಿಡುವುದಿಲ್ಲ. ಮಿಲ್ಲಿನಿಂದ ಬಂದ ಹೊಟ್ಟಿನಲ್ಲಿ ತೌಡು ಬೆರೆತಿತ್ತು, ನೀರು ಬಿದ್ದ ಮೇಲೆ ಅದು ಒಳಗೊಳಗೇ ಹುಳಿತು ಬಿಸಿಯಾಯಿತು. ಕೆಲವು ಬಾಟಲಿಗಳ ಬಿರಡೆ ಮೇಲೆ ಎದ್ದಿದ್ದನ್ನು ಭಾವ ನೋಡಿ, ಬೆಳೆಯುವ ಸರಕು ಉಬ್ಬುವುದು ಸಹಜ ಅಂದುಕೊಂಡು ವಸ್ತ್ರ ಸುತ್ತಿದ ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು.

ಒಂದು ಭಾನುವಾರ ಮಧ್ಯಾಹ್ನ ಸಾವ್ಕಾರ್ರು ಹೊಸ ಹಾಲಿನಲ್ಲಿ ದೊಡ್ಡ ಊಟ ಇಟ್ಟರು. ಗಣಿ ಕಡೆಯವರು, ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ವಿದೇಶದ ಇಂಜಿನಿಯರುಗಳು, ಊರಿನ ನಾಲ್ಕು ಜನ ಕಾಂಟ್ರಾಕ್ಟರು. ಕುರ್ಚಿ ಕೊಟ್ಟವನೆಂದು ನನಗೂ ಬಾಗಿಲ ಹತ್ತಿರ ಒಂದು ಕುರ್ಚಿ. ಎಲ್ಲರ ಕೈಗೂ ಕೆಂಪು ಪಟ್ಟಿ ಬಂತು. ವಿದೇಶದ ಹಿರಿಯನೊಬ್ಬ ಕನ್ನಡಕ ಏರಿಸಿ ಅದನ್ನು ಎಡಗಡೆಯಿಂದಲೇ ಓದಿದ, ಒಂದು ಹೆಸರಿನ ಮೇಲೆ ಬೆರಳಿಟ್ಟ, ಅವನ ಮುಖ ಊರಿನಿಂದ ಫೋನು ಬಂದವನಂತೆ ಅರಳಿತು. ಸಾವ್ಕಾರ್ರು ಅದನ್ನು ನೋಡಿದರು. ಅವರು ಆ ಹೋಟೆಲಿಗೆ ಸುರಿದದ್ದೆಲ್ಲ ಆ ಒಂದು ಗಳಿಗೆಗೆ ಎಂದು ನನಗೆ ಅನಿಸಿತು.

ಬಾಟಲಿ ಬಂತು, ಬಗ್ಗಿಸಿದರು. ಅವನು ಮೂಸಿದ. ಮತ್ತೊಮ್ಮೆ ಮೂಸಿದ. ಗ್ಲಾಸನ್ನು ತುಟಿಗೆ ತಾಗಿಸಿದ ಹಾಗೆ ಮಾಡಿ ಮೆಲ್ಲಗೆ ಪಕ್ಕಕ್ಕೆ ಸರಿಸಿ ನೀರು ಕೇಳಿದ. ಅವನ ಜೊತೆಯವರೂ ಸರಿಸಿದರು. ನಮ್ಮ ಕಾಂಟ್ರಾಕ್ಟರುಗಳು ಮಾತ್ರ ಎರಡೆರಡು ಗ್ಲಾಸು ಇಳಿಸಿ, ಹಳೆಯದರ ರುಚಿಯೇ ಬೇರೆ ಎಂದು ಹೊಗಳಿದರು. ಅವರು ಹೊಗಳಿದಷ್ಟೂ ಸಾವ್ಕಾರ್ರ ಮುಖ ಕಪ್ಪಾಯಿತು. ಎರಡನೆಯ ಬಾಟಲಿ, ಮೂರನೆಯದು, ಬೇರೆ ಹೆಸರಿನದು, ಎಲ್ಲದರದ್ದೂ ಒಂದೇ ಕಥೆ. ಬಾಗಿಲ ಹತ್ತಿರ ಕೂತಿದ್ದ ನನಗೂ ಉಪ್ಪಿನಕಾಯಿ ಭರಣಿ ತೆರೆದಂಥ ಹುಳಿ ವಾಸನೆ ಬಂತು.

ಊಟ ಮುಗಿಯುವ ಮೊದಲೇ ಎದ್ದು ಕಲ್ಲು ಖೋಲಿಗೆ ಹೋದೆ. ಹೊಟ್ಟಿನ ರಾಶಿಯೊಳಗೆ ಮೊಳಕೈವರೆಗೆ ಕೈ ಹಾಕಿ ಸರಕ್ಕನೆ ಹೊರಗೆಳೆದೆ. ಒಳಗೆ ಹಸಿ ಸಗಣಿ ತಿಪ್ಪೆಯಂತೆ ಕುದಿಯುತ್ತಿತ್ತು.

ಮರುದಿನ ಭಾವನಿಗೆ ಮ್ಯಾನೇಜರ್ ಹೇಳಿದ್ದು ಇಷ್ಟೇ: ಬೀಗದ ಕೈ ಕೊಡಬೇಕು, ತಿಂಗಳ ಕೊನೆಗೆ ಕ್ವಾರ್ಟರ್ಸ್ ಖಾಲಿ ಮಾಡಬೇಕು. ಭಾವ ಕಾರಣ ಕೇಳಲಿಲ್ಲ. ಮಾಲೇ ಕೆಟ್ಟು ಬಂದಿದೆ, ಸಿಟ್ಟು ನನ್ನ ಮೇಲೆ ಬಂದಿದೆ, ಎರಡು ದಿನಕ್ಕೆ ಇಳಿಯುತ್ತದೆ ಎಂದು ಅವರ ಲೆಕ್ಕ. ನಾನು ಅಕ್ಕನಿಗೆ ಮಾತ್ರ ನಿಜ ಹೇಳಿದೆ. ಅವಳು ತೋಳಿನ ಪಟ್ಟಿ ಸರಿಮಾಡಿಕೊಳ್ಳುತ್ತಾ ಕೇಳಿಸಿಕೊಂಡಳು. ಸೂಜಿ ಚುಚ್ಚಿ ಚುಚ್ಚಿ ಆ ತೋಳಿನ ನರ ಹಗ್ಗದಂತೆ ಉಬ್ಬಿತ್ತು.

ನಾನು ಸಾವ್ಕಾರ್ರ ಹತ್ತಿರ ಹೋದೆ. ಇಂಥ ಕಡೆ ಹೋಗುವಾಗ ಕೆಲವು ಮಾತು ನೆನಪಿಡಿ. ಕೇಳಲು ಬಂದವರಂತೆ ಬಾಗಿಲಲ್ಲಿ ನಿಲ್ಲಬೇಡಿ, ಕೂತುಕೊಳ್ಳಿ. ಅವರ ನಷ್ಟದ ಮಾತು ಅವರೇ ಪೂರ್ತಿ ಆಡಲಿ, ನಡುವೆ ಬಾಯಿ ಹಾಕಬೇಡಿ. ನಿಮ್ಮ ಮನೆಯ ಕಷ್ಟವನ್ನು ಮೊದಲು ತೆಗೆಯಲೇಬೇಡಿ. ಕಷ್ಟ ಕೇಳಿದವನು ಕೈ ಎತ್ತಿ ದಾನ ಕೊಡುತ್ತಾನೆ, ವ್ಯವಹಾರ ಮಾಡುವುದಿಲ್ಲ, ದಾನ ಕೊಟ್ಟವನು ನಾಳೆ ವಾಪಸು ತೆಗೆದುಕೊಳ್ಳುತ್ತಾನೆ. ನನ್ನ ಹತ್ತಿರ ಅಕ್ಕನ ಕಾಯಿಲೆ ಇತ್ತು, ಅದನ್ನು ನಾನು ಜೇಬಿನಲ್ಲೇ ಇಟ್ಟುಕೊಂಡೆ.

“ಆ ಬಿಳಿಯಾತ ಮೂಸಿ ನೋಡಿ ಗ್ಲಾಸು ದೂರ ಸರಿಸಿದ್ನಲ್ರಿ ಯಜಮಾನ್ರೆ,” ಅಂದರು ಸಾವ್ಕಾರ್ರು. “ಬಾಯಿಬಿಟ್ಟು ಒಂದು ಮಾತು ಅಂದಿದ್ರೂ ತಡ್ಕೊಂತಿದ್ದೆ. ಏನೂ ಅನ್ನಲಿಲ್ಲ.”

ನಾನು ಚಹಾ ಮುಗಿಸಿ ಕೇಳಿದೆ. “ಮಾಲು ಬರೋವಾಗ್ಲೇ ಕೆಟ್ಟು ಬಂದಿದ್ರ?”

“ಹಂಗಂತೀರೇನು?”

“ನಾನು ಅನ್ನೋದು ಬ್ಯಾಡ್ರಿ. ನೀವಂದ್ರ ಕಂಪನಿಯೋರು ಕೇಳಬೇಕು, ಬದಲಿ ಮಾಲು ಕೊಡಬೇಕು. ಆದ್ರ ಹಂಗ ಹೇಳಾಕ ನಿಮ್ಮ ಸ್ಟೋರಿನ ಮನುಷ್ಯ ನಿಮ್ಮ ಹತ್ರನ ಇರಬೇಕಲ್ರಿ. ಕೆಲಸದಿಂದ ತೆಗದೀರಿ ಅಂದ್ರ ತಪ್ಪು ನಮ್ಮದು ಅಂತ ನೀವೇ ಬರದುಕೊಟ್ಟಂಗಾತು.”

ಸಾವ್ಕಾರ್ರು ನಕ್ಕು, “ಗಟ್ಟಿವಾಡಿವಯ್ಯಾ,” ಎಂದು ತಮ್ಮ ಮನೆಮಾತಿನ ತೆಲುಗಿನಲ್ಲಿ ನನ್ನನ್ನು ಗಟ್ಟಿ ಆಸಾಮಿ ಅಂದರು.

ಆಗ ಕ್ವಾರ್ಟರ್ಸಿನ ಮಾತು ತೆಗೆದೆ, ಆಮೇಲೆ ಅಕ್ಕನ ಮಾತು. ಕಂಪನಿ ಮಾಲು ವಾಪಸು ತೆಗೆದುಕೊಂಡರೆ ಅಕ್ಕ ಇರುವತನಕ ಆ ಎರಡು ಖೋಲಿ ಅವಳದು, ಭಾವನ ಕೆಲಸವೂ ಇರುತ್ತದೆ. ತೆಗೆದುಕೊಳ್ಳದಿದ್ದರೆ ತಿಂಗಳ ಕೊನೆ. ಕೈ ಕುಲುಕಿ ಎದ್ದೆ. ಹೊಟ್ಟನ್ನೆಲ್ಲ ಅಂದೇ ಟಂಟಂ ಗಾಡಿಗೆ ತುಂಬಿಸಿ ಊರ ಹೊರಗಿನ ಇಟ್ಟಿಗೆ ಭಟ್ಟಿಗೆ ಸಾಗಿಸಿ, ಖೋಲಿ ಗುಡಿಸಿ ತೊಳೆಸಿದೆ. ಬಾಟಲಿಗಳನ್ನು ಒರೆಸಿ ಮತ್ತೆ ಅವುಗಳ ಪೆಟ್ಟಿಗೆಗೆ ಸೇರಿಸಿದ್ದಾಯಿತು. ವೈನು ಹಾಳಾದದ್ದು ಹೊಟ್ಟಿನಿಂದ ಎಂದು ಭಾವನಿಗೆ ಹೇಳಲು ಅಕ್ಕ ಬಿಡಲಿಲ್ಲ. ಹಾಗಾಗಿ ಅವರಿಗೆ ಬೇರೆ ಕಾರಣ ಕೊಟ್ಟೆ: ಇಷ್ಟು ದೊಡ್ಡ ಹೋಟೆಲಿನಲ್ಲಿ ಹೊಟ್ಟಿನಲ್ಲಿ ಸಾಮಾನು ಇಡುತ್ತಾರೆ ಎಂದು ಹೊರಗೆ ಗೊತ್ತಾದರೆ ಸಾವ್ಕಾರ್ರಿಗೆ ಅವಮಾನ, ಕಂಪನಿಯವನ ಮುಂದೆ ಆ ಮಾತು ಎತ್ತಬೇಡಿ. ಭಾವ ತಲೆಯಾಡಿಸಿದರು. ಅದರಲ್ಲಿ ಅವಮಾನ ಏನಿದೆ ಎಂದು ಅವರಿಗೆ ಅರ್ಥವಾಗಲಿಲ್ಲ, ಆದರೂ ಒಪ್ಪಿಕೊಂಡರು.

ಕಂಪನಿಯಿಂದ ಬಂದವನು ಜಗಳಗಂಟ ಆಗಿರುತ್ತಾನೆಂದು ನಾನು ತಯಾರಾಗಿ ಹೋಗಿದ್ದೆ. ಜಗಳಗಂಟರ ಜೊತೆ ನನಗೆ ಸಲೀಸು. ಬಂದವನು ಮೆತ್ತಗಿನ ದನಿಯ, ಬೆಳ್ಳಗಾಗುತ್ತಿರುವ ಗಡ್ಡದ ಮನುಷ್ಯ, ಹುಬ್ಬಳ್ಳಿ ಕಡೆಯವನು. ಸ್ಟೋರಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಒಂದು ಬಾಟಲಿ ತೆರೆದು ಮೂಸಿ, ಬಿರಡೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಆಮೇಲೆ ಸ್ಟೋರನ್ನು ಸುತ್ತ ನೋಡಿದ. ಭಾವನ ಸ್ಟೋರು ದೇವರ ಕೋಣೆಯಂತಿರುತ್ತಿತ್ತು. ಬೇಳೆಯ ಡಬ್ಬಿಗಳು ಎತ್ತರದ ಪ್ರಕಾರ, ಪ್ರತಿ ಚೀಲದ ಬಾಯಿ ಒಂದೇ ರೀತಿ ಮಡಚಿದ್ದು, ನೆಲದಲ್ಲಿ ಒಂದು ಕಾಳಿಲ್ಲ.

“ಎಷ್ಟು ಚಂದ ಇಟ್ಟೀರಿ ಅಣ್ಣಾರ,” ಅಂದ ಅವನು. “ನಾನು ಭಾಳ ಹೋಟೆಲ್ ನೋಡೀನಿ. ಇಷ್ಟು ಕಾಳಜಿ ಮಾಡೋರ್ನ ನೋಡಿಲ್ಲ. ಈ ಬಾಟಲಿನೂ ಹಂಗ ಜ್ವಾಪಾನ ಮಾಡಿರಬೇಕು.”

ಅಷ್ಟು ವರ್ಷದಲ್ಲಿ ಯಾವ ಸಾವ್ಕಾರನೂ, ಯಾವ ಮ್ಯಾನೇಜರೂ ಆ ಸ್ಟೋರಿನೊಳಗೆ ನಿಂತು ಅಂಥ ಮಾತು ಆಡಿರಲಿಲ್ಲ. ಭಾವನ ಮುಖ ಅರಳಿದ್ದನ್ನು ನೋಡಿದೆ. ನಾನು ಕೆಮ್ಮಿದೆ, ಅವರ ಕಾಲು ತುಳಿದೆ, ಚಹಾ ಬರುತ್ತದೆ ಹೊರಗೆ ಕೂರೋಣ ಅಂದೆ.

“ಮಾಡದಂಗ ಇರಾಕ ಆಗತೈತೇನ್ರಿ,” ಅಂದರು ಭಾವ. “ಆ ಯಂತ್ರ ಸುಟ್ಟು ಕುಂತಿತ್ತು. ನಾನು ಬಿಡ್ಲಿಲ್ಲ. ನಮ್ಮೂರಿಂದ ಹೊಟ್ಟು ತರಿಸಿದೆ. ಐಸ್ ಇಡೋಹಂಗ ಹೊಟ್ಟಿನಾಗ ಹುಗದು, ಎರಡು ಹೊತ್ತು ನೀರು ಹೊಡದೀನ್ರಿ. ಕೂಸಿನ್ನ ನೋಡಿದಂಗ ನೋಡೀನಿ.”

ಕಂಪನಿಯವನು ಬಿರಡೆಯನ್ನು ಜೇಬಿಗೆ ಹಾಕಿಕೊಂಡ. ಅವನು ಬಲೆ ಬೀಸಿದ್ದನೋ, ನಿಜವಾಗಿ ಮೆಚ್ಚಿದ್ದನೋ, ಈಗಲೂ ನನಗೆ ತೀರ್ಮಾನಿಸಲು ಆಗಿಲ್ಲ. “ಖರೇ ಅಣ್ಣಾರ, ಭಾಳ ಕಷ್ಟಪಟ್ಟೀರಿ,” ಎಂದು ಭಾವನಿಗೆ ಕೈ ಮುಗಿದು, ಮೇಲೆ ಸಾವ್ಕಾರ್ರ ಕೋಣೆಗೆ ಹೋದ. ಭಾವನ ಎದುರಿಗೆ ಅವನು ಬೇರೆ ಒಂದು ಮಾತೂ ಆಡಲಿಲ್ಲ, ಅದಕ್ಕೆ ಅವನಿಗೆ ನಾನು ಋಣಿ. ಮೇಲಿನ ಕೋಣೆಯಲ್ಲಿ ಎಲ್ಲವನ್ನೂ ಆಡಿದ.

ಸಾವ್ಕಾರ್ರು ನನ್ನನ್ನು ಕರೆಸಲೂ ಇಲ್ಲ. ಕರಾರು ಕರಾರೇ, ಅದನ್ನು ನಾನೂ ಎತ್ತಿ ಆಡುವಂತಿರಲಿಲ್ಲ.

ಕ್ವಾರ್ಟರ್ಸ್ ಖಾಲಿ ಮಾಡುವ ಮೊದಲು ಅಕ್ಕ ಭಾವ ಇಬ್ಬರನ್ನೂ ಸತ್ಯನಾರಾಯಣಪೇಟೆಯ ನನ್ನ ಮನೆಗೆ ಕರೆದೆ. ಕೆಳಗಿನ ಕೋಣೆ ಖಾಲಿ ಇತ್ತು, ಆಟೋದಲ್ಲಿ ಹೋದರೆ ಆಸ್ಪತ್ರೆ ದೂರವೇನಲ್ಲ. ಭಾವ ವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡು, ಹೆಂಡತಿಯ ತಮ್ಮನ ಮನೆಯಲ್ಲಿ ಬಿದ್ದುಕೊಂಡಿರುವ ಗಂಡಸು ತಾನಲ್ಲ ಅಂದರು. ಬಾಡಿಗೆ ಕೊಡಿ ಅಂದೆ. ಕೆಲಸವಿಲ್ಲದವನು ಕೊಡುವ ಬಾಡಿಗೆ ಯಾರ ದುಡ್ಡು ಎಂದು ಕೇಳಿದರು. ನನ್ನ ಗೋದಾಮಿಗೆ ಲೆಕ್ಕ ನೋಡುವವರು ಬೇಕು ಅಂದೆ. ಅವರು ನನ್ನ ಗೋದಾಮನ್ನು ಒಂದು ಸುತ್ತು ನೋಡಿ, ಇಲ್ಲಿ ಇನ್ನೊಬ್ಬ ಮನುಷ್ಯನಿಗೆ ಕೆಲಸವಿಲ್ಲ ಅಂದರು. ಅವರು ಹೇಳಿದ್ದು ನಿಜವಾಗಿತ್ತು. ಸುಳ್ಳು ಕೆಲಸ ಕೊಡಬೇಕಾದರೆ ಮೊದಲು ಕೆಲಸವನ್ನು ಕೆಡಿಸಿಡಬೇಕು, ಅಷ್ಟು ಪುರುಸೊತ್ತು ನನಗಿರಲಿಲ್ಲ.

ಅಕ್ಕನನ್ನಾದರೂ ಬಿಟ್ಟುಹೋಗಿ ಅಂದೆ. ಅದಕ್ಕೆ ಉತ್ತರ ಕೊಟ್ಟವಳು ಅಕ್ಕ. ದೇಶನೂರಿನಲ್ಲಿ ಮೈದುನನ ಹೆಂಡತಿ ಬಡಿಸಿದ್ದನ್ನು ತಲೆ ತಗ್ಗಿಸಿ ಉಣ್ಣಲು ಅವರೊಬ್ಬರನ್ನೇ ಕಳಿಸುವುದಿಲ್ಲ ಅಂದಳು.

ಅವರು ಹೋದರು. ನಾನು ಆಸ್ಪತ್ರೆಯವರ ಜೊತೆ ಮಾತಾಡಿ ಅವಳ ಸರದಿಯನ್ನು ಬೆಳಗಿನಿಂದ ಮಧ್ಯಾಹ್ನಕ್ಕೆ ಬದಲಾಯಿಸಿದೆ. ದೇಶನೂರಿನಿಂದ ಟಂಟಂನಲ್ಲಿ ಸಿರುಗುಪ್ಪ, ಅಲ್ಲಿಂದ ಬಸ್ಸಿನಲ್ಲಿ ಬಳ್ಳಾರಿ, ಬಸ್ ಸ್ಟ್ಯಾಂಡಿನಿಂದ ಆಟೋ. ಯಂತ್ರದಿಂದ ಎದ್ದವಳಿಗೆ ಕಣ್ಣು ಕತ್ತಲಿಡುತ್ತಿತ್ತು, ಅದೇ ದಾರಿಯಲ್ಲಿ ವಾಪಸು. ಕೆಲವು ಸಲ ನಾನು ಕಾರು ಕಳಿಸಿದೆ. ಡ್ರೈವರಿಗೆ ಭಾವ ಪ್ರತಿ ಸಲ ಬಾಡಿಗೆ ಕೊಡಲು ಹೋಗಿ, ಅವನು ಬೇಡವೆಂದು, ಓಣಿಯಲ್ಲಿ ನಿಂತವರೆಲ್ಲ ನೋಡಿ, ಕೊನೆಗೆ ಕಾರು ಬೇಡವೆಂದು ಅವರೇ ಹೇಳಿಕಳಿಸಿದರು. ವಾರಕ್ಕೆ ಮೂರು ಸಲದ್ದು ಎರಡಾಯಿತು. ಕಾಲು ಬಾತವು, ಮುಖ ಬಾತಿತು. ನಾಟಿ ಶುರುವಾದ ಮೇಲೆ ಟಂಟಂಗಳೆಲ್ಲ ಗದ್ದೆಗೆ ಆಳು ಸಾಗಿಸಲು ಹೋಗಿ, ಅಕ್ಕ ಒಂದು ವಾರ ಆಸ್ಪತ್ರೆಗೆ ಬರಲೇ ಇಲ್ಲ.

ನಾನು ದೇಶನೂರಿಗೆ ಹೋದೆ. ಪಡಸಾಲೆಯಲ್ಲಿ ದಿಂಬು ಆನಿಸಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತಂತೆ. ಅವ್ವ ತೀರಿದ ಮೇಲೆ ನನ್ನನ್ನು ಬೆಳೆಸಿದವಳು ಇವಳು, ಕುರುಗೋಡಿನ ಸಂತೆಯಲ್ಲಿ ಎರಡು ಬದನೆಕಾಯಿಗೂ ಬೆಲೆ ಮುರಿದು ತರುವುದನ್ನು ಕಲಿಸಿದವಳು. ನನ್ನ ಹತ್ತಿರ ಇದ್ದ ಮಾತುಗಳನ್ನೆಲ್ಲ ಹೂಡಿದೆ. ಬೈದೆ, ಅತ್ತೆ, ಅವಳು ಬರದಿದ್ದರೆ ಭಾವನ ಜೊತೆ ನೇರವಾಗಿ ಮಾತಾಡುತ್ತೇನೆ ಅಂದೆ. ಯಾರ ತಪ್ಪಿನಿಂದ ಇಲ್ಲಿ ಬಂದು ಕೂತಿದ್ದೀರಿ ಎಂದು ಅವರಿಗೆ ತಿಳಿದರೆ, ಆ ಸ್ವಾಭಿಮಾನ ಸ್ವಲ್ಪ ಬಾಗಿ, ನನ್ನ ಮನೆಗೆ ಬರಲು ಒಪ್ಪುತ್ತಾರೆ ಅಂದೆ. ಲೆಕ್ಕದಲ್ಲಿ ಅದು ಸರಿಯಾಗಿತ್ತು. ಈಗಲೂ ಸರಿಯಾಗಿಯೇ ಇದೆ ಎಂದು ನನಗೆ ಅನಿಸುತ್ತದೆ.

“ಯಮನ ಹತ್ರನೂ ರೇಟು ಮಾತಾಡಾಕ ಹೊಂಟೀಯೇನಲೇ,” ಅಂದಳು, ನಕ್ಕು, ಕೆಮ್ಮಿ. ಆಮೇಲೆ ನನ್ನ ಮಣಿಕಟ್ಟು ಹಿಡಿದಳು. “ನಾಳಿ ಬರ್ತೀನಿ. ನಾಡಿದ್ದೂ ಬರ್ತೀನಿ, ಜೀವ ಇರೋಮಟ ಬರ್ತೀನಿ. ಆದ್ರ ಅವರಿಗೆ ಆ ಮಾತು ಹೇಳಂಗಿಲ್ಲ. ನಾನಿದ್ದಾಗನೂ ಇಲ್ಲ, ಆಮ್ಯಾಲೂ ಇಲ್ಲ. ತನ್ನ ಕೈಯಾರೆ ನನ್ನ ಕೊಂದೆ ಅಂತ ಅವರು ತಿಳ್ಕೊಂಡು ಇರೋದು ನಂಗ ಬ್ಯಾಡ.”

ಒಪ್ಪಿದೆ. ಅವಳು ಹೇಳಿದಂತೆ ಬಂದಳು. ಮಳೆಗಾಲ ಮುಗಿಯುವವರೆಗೆ ಬಂದಳು. ಕೊನೆಯ ಸಲ ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುವಾಗ ಕುಸಿದಳು. ಬಳ್ಳಾರಿಗೆ ತಲುಪಲಿಲ್ಲ. ಭಾವ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದರು. ನಾನು ಹೋಗುವ ಹೊತ್ತಿಗೆ ಸುತ್ತ ನಿಂತ ಜನ ಚದುರಿ ತಮ್ಮ ತಮ್ಮ ಬಸ್ಸು ಹಿಡಿದಿದ್ದರು.

ದೇಶನೂರಿನ ಹೊಲದಲ್ಲಿ ಮಣ್ಣು ಮಾಡಿದೆವು. ಕಾರ್ಯ ಮುಗಿದ ದಿನ ಊಟವಾದ ಮೇಲೆ ಭಾವ ಬದುವಿನ ಮೇಲೆ ನನ್ನ ಪಕ್ಕ ಬಂದು ಕೂತರು. ಭತ್ತ ತೆನೆ ಬಿಟ್ಟಿತ್ತು. ಮನುಷ್ಯ ಬಹಳ ಇಳಿದುಹೋಗಿದ್ದರು, ಅಂಗಿಯ ಕಾಲರಿನಲ್ಲಿ ಇನ್ನೊಂದು ಕುತ್ತಿಗೆ ಹಿಡಿಸುವಂತಿತ್ತು.

“ಲೇ, ನೀನು ವ್ಯಾಪಾರಸ್ಥ. ನಾಕು ಕಡಿ ತಿರುಗೀದಿ,” ಅಂದರು. “ಖರೇ ಹೇಳು. ಆ ಮಾಲು ಬರೋವಾಗ್ಲೇ ಕೆಟ್ಟಿತ್ತಲ್ಲಾ? ಅದ್ರಾಗ ನಂದೇನೂ ಇಲ್ಲಲ್ಲಾ?”

ಬದುಕಿನಲ್ಲಿ ನಾನು ಹೇಳಿದ ಸುಳ್ಳುಗಳಿಗೆಲ್ಲ ಒಂದು ಬೆಲೆ ಇತ್ತು, ಬಾಯಿ ತೆರೆಯುವ ಮೊದಲು ನಾನು ಅದನ್ನು ನೋಡಿಕೊಳ್ಳುತ್ತಿದ್ದೆ. ಅಂದು ನೋಡಲಿಲ್ಲ.

“ಬರೋವಾಗ್ಲೇ ಕೆಟ್ಟಿತ್ತು ಭಾವಾ,” ಅಂದೆ.

ಅವರು ತಲೆಯಾಡಿಸಿದರು. ನಂಬಿದರೋ, ನನ್ನ ಕಷ್ಟ ನೋಡಿ ಬಿಟ್ಟರೋ ಗೊತ್ತಾಗಲಿಲ್ಲ. ಕಾಲುವೆಗೆ ಇಳಿದು ಮುಖಕ್ಕೆ ನೀರು ಹಾಕಿಕೊಂಡು, ಕತ್ತಲಾಗುವ ಮೊದಲು ಸಿರುಗುಪ್ಪ ದಾಟಿಕೊ, ರಸ್ತೆ ಸರಿಯಿಲ್ಲ ಎಂದು ನನಗೆ ಹೇಳಿದರು.